ಪಕ್ಷಮಾಸಕ್ಕೆ ಸಡಿಲಾಗುವ ಪಟ್ಟಿ

ಸೇಡಂನ ಗೋಪಾಲಾಚಾರ್ರು ಊಟ ಮಾಡಿ ಬದುಕಿದವರು. ಎಲ್ಲರೂ ಊಟ ಮಾಡಿಯೇ ಬದುಕುವುದಲ್ಲವೇ ಎಂದು ನೀವು ಕೇಳಬಹುದು. ಹಾಗಲ್ಲ. ಉಳಿದವರು ದುಡಿದು ಉಣ್ಣುತ್ತಾರೆ, ಆಚಾರ್ರಿಗೆ ಉಣ್ಣುವುದೇ ದುಡಿಮೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಅತ್ತ ಚಿಂಚೋಳಿಯವರೆಗೆ ಯಾವ ವೈಷ್ಣವರ ಮನೆಯಲ್ಲಿ ಶ್ರಾದ್ಧವಿದ್ದರೂ ಪಿತೃಸ್ಥಾನದ ಮಣೆಯ ಮೇಲೆ ಕೂತು ಉಣ್ಣುವ ಬ್ರಾಹ್ಮಣ ಅವರೇ. ತೀರಿಹೋದ ಅಪ್ಪನೋ ಅಜ್ಜನೋ ಆ ಹೊತ್ತಿಗೆ ಬಂದು ಅವರೊಳಗೆ ಕೂರುತ್ತಾನೆ, ಅವರು ಉಂಡದ್ದೆಲ್ಲ ಅವನಿಗೆ ಮುಟ್ಟುತ್ತದೆ ಎಂಬುದು ನಂಬಿಕೆ. ಆದ್ದರಿಂದ ಅರ್ಧ ಹೊಟ್ಟೆಗೆ ಏಳುವಂತಿಲ್ಲ. ಕೊನೆಗೆ ಮನೆಯ ಯಜಮಾನ ಕೈಮುಗಿದು ನಿಂತು ತೃಪ್ತಿಯಾಯಿತೇ ಎಂದು ಕೇಳುತ್ತಾನೆ. ಆಯಿತು ಎಂದು ಇವರು ಹೇಳಬೇಕು. ಆ ಮಾತು ಸುಳ್ಳಾಗಬಾರದು.

ಈ ಕೆಲಸಕ್ಕೆ ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. ಶ್ರಾದ್ಧದ ಊಟ ಉಂಡವನ ಜಪತಪವೆಲ್ಲ ಕರಗಿಹೋಗುತ್ತದೆಂದು ಹಿರಿಯರು ಹೆದರಿಸಿಟ್ಟಿದ್ದಾರೆ. ಬ್ಯಾಂಕು, ಶಾಲೆ, ತಹಸೀಲ ಕಚೇರಿ ಹಿಡಿದ ಗಂಡಸರು ರಜೆ ಇಲ್ಲವೆಂದು ನುಣುಚಿಕೊಂಡರು. ಗೋಪಾಲಾಚಾರ್ರಿಗೆ ನುಣುಚಿಕೊಳ್ಳಲು ಇನ್ನೊಂದು ಕೆಲಸವೇ ಇರಲಿಲ್ಲ. ವೇದ ಅಷ್ಟಕ್ಕಷ್ಟೇ, ಪೌರೋಹಿತ್ಯಕ್ಕೆ ಬೇಕಾದ ಗಂಟಲಿಲ್ಲ, ಶಾಲೆಯ ಮೆಟ್ಟಿಲು ಹತ್ತಿದ್ದು ಇಳಿಯುವುದಕ್ಕಷ್ಟೇ. ಅಪ್ಪ ಕೂತ ಮಣೆಯ ಮೇಲೆ ಇವರೂ ಕೂತರು. ಬೇಕಾದಾಗ ಕಾಲಿಗೆ ಬಿದ್ದು ಕರೆಯುವ ಇದೇ ಜನ ಮದುವೆ ಮುಂಜಿಯಲ್ಲಿ ಅವರನ್ನು ಕಂಡರೆ ಮುಖ ಆಚೆ ತಿರುಗಿಸುತ್ತಿದ್ದರು. ಶುಭಕಾರ್ಯದ ಹೊತ್ತಿನಲ್ಲಿ ತಿಥಿಯ ನೆನಪಾಗಬಾರದಂತೆ. ಇಂಥವರಿಗೆ ಏನೆನ್ನಬೇಕು! ಆಚಾರ್ರು ಮಾತ್ರ ಏನೂ ಅನ್ನುತ್ತಿರಲಿಲ್ಲ. ಕೊನೆಯ ಪಂಕ್ತಿಯಲ್ಲಿ ಕೂತು, ಬಡಿಸಿದಷ್ಟು ಉಂಡು, ಹೆಂಡತಿ ಶಾರದಾಬಾಯಿಯನ್ನು ಕರೆದುಕೊಂಡು ಮನೆಗೆ ಬರುತ್ತಿದ್ದರು.

ಐವತ್ತು ದಾಟುವ ಹೊತ್ತಿಗೆ ಆ ದೇಹ ಅವರ ಕೈಮೀರಿತ್ತು. ಬಸ್ಸಿನಲ್ಲಿ ಇಬ್ಬರ ಸೀಟು ಬೇಕು. ವಾಡಿ ಜಂಕ್ಷನ್ನಿನ ಮೇಲ್ಸೇತುವೆ ಹತ್ತುವಾಗ ನಡುವೆ ನಿಂತು, ಗಾಡಿ ನೋಡುವವರಂತೆ ನಟಿಸಿ, ಏದುಸಿರು ಇಳಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆ ಬಂದಿತ್ತು, ಮೊಣಕಾಲು ಹೋಗಿದ್ದವು. ವಿಚಿತ್ರವೆಂದರೆ ಸ್ವಂತ ಮನೆಯಲ್ಲಿ ಅವರ ಊಟ ಭಾರಿಯೇನಲ್ಲ. ಒಂದಿಷ್ಟು ಅನ್ನ, ಸಾರು, ಮಜ್ಜಿಗೆ. ದೇಹಕ್ಕೆ ಮೆತ್ತಿದ್ದೆಲ್ಲ ಬೇರೆಯವರ ಅಪ್ಪಂದಿರು ಉಂಡದ್ದು.

ಅವರು ಹೋಗುವ ಮನೆಗಳಲ್ಲೆಲ್ಲ ಶಹಾಬಾದದ ಒಂದು ಮನೆ ಬೇರೆಯೇ. ಅದು ಹೆಡ್‌ಮಾಸ್ತರ ಶೇಷಗಿರಿರಾಯರ ಮನೆ. ರಾಯರು ತೀರಿಕೊಂಡ ದಿನ ಬೆಳಿಗ್ಗೆ ವಡೆ ಮಾಡೆಂದು ಹೆಂಡತಿ ಅಂಬುಜಾಬಾಯಿಯನ್ನು ಕೇಳಿದ್ದರು. ಮೈಯಲ್ಲಿ ಹುಷಾರಿಲ್ಲದ ಆಕೆ, ನಿಮಗ ದಿನಾ ಹಬ್ಬ ಏನು ಅಂದುಬಿಟ್ಟರು. ಮಾತಿಗೆ ಮಾತು ಬೆಳೆಯಿತು. ರಾಯರು ಎಲೆಯ ಮುಂದಿನಿಂದ ಎದ್ದು ಹಸಿದ ಹೊಟ್ಟೆಯಲ್ಲೇ ಶಾಲೆಗೆ ಹೋದರು. ಶಾಲೆ ಬಿಟ್ಟ ಮೇಲೆ ಮನೆಗೆ ನಡೆದು ಬರಲಿಲ್ಲ, ಹೊತ್ತು ತಂದರು. ಅಂದಿನಿಂದ ಅಂಬುಜಾಬಾಯಿಗೆ ಒಂದೇ ಹಳಹಳಿ, ಗಂಡ ಹಸಿದು ಹೋದನಲ್ಲ ಎಂದು.

ಪ್ರತಿ ಪಕ್ಷಮಾಸದಲ್ಲಿ, ಪಿತೃಗಳ ಆ ಹದಿನೈದು ದಿನಗಳಲ್ಲಿ, ರಾಯರ ತಿಥಿ ಬರುವ ದಶಮಿಗೆ ಗೋಪಾಲಾಚಾರ್ರು ಆ ಮನೆಗೆ ಹೋಗುತ್ತಿದ್ದರು. ಮಗ ನಂದಕಿಶೋರ ಬಡಿಸುವವನು, ಸೊಸೆ ಅಡಿಗೆಯವಳು. ಅಂಬುಜಾಬಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಆಚಾರ್ರ ಕೈಯನ್ನೇ ನೋಡುವರು. ಎಲೆಯ ಮುಂದೆ ಕೂತ ಬ್ರಾಹ್ಮಣ ಮಾತಾಡುವಂತಿಲ್ಲ, ಬೇಕು ಬೇಡಗಳೆಲ್ಲ ಕೈಸನ್ನೆಯಲ್ಲೇ. ಇನ್ನೊಂದು ವಡೆಗೆ ಕೈ ನೀಡಿದರೆ ಆಕೆಯ ಮುಖದ ಗಂಟು ಸ್ವಲ್ಪ ಸಡಿಲುವುದು. ಮತ್ತೊಂದಕ್ಕೆ ನೀಡಿದರೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವರು. ಹೊಟ್ಟೆ ತುಂಬಿ ಬಿರಿಯುತ್ತಿದ್ದರೂ ಆಚಾರ್ರು ಕೈ ನೀಡುತ್ತಿದ್ದರು. ತೃಪ್ತಿಯಾಯಿತು ಎಂದು ಅವರು ಹೇಳಿದ ಮೇಲೆ ಅಂಬುಜಾಬಾಯಿ ದೂರದಿಂದಲೇ ನಮಸ್ಕಾರ ಹಾಕಿ ಒಳಗೆ ಹೋಗುವರು. ಇನ್ನೊಂದು ವರುಷ ಉಸಿರಾಡಿಕೊಂಡಿರಲು ಆಕೆಗೆ ಅಷ್ಟು ಸಾಕಿತ್ತು. ಬೇರೆ ಕಡೆ ಆಚಾರ್ರು ಹೊಟ್ಟೆಪಾಡಿಗೆ ಉಂಡರು. ಆ ಮನೆಯಲ್ಲಿ ಮಾತ್ರ ತಾವೂ ಒಬ್ಬರಿಗೆ ಬೇಕಾದವರೆಂದು ತಿಳಿದು ಉಂಡರು.

ಎರಡು ಸಾವಿರದ ಏಳನೆಯ ಇಸವಿಯ ಪಕ್ಷಮಾಸದಲ್ಲಿ ಅದೇ ಮನೆಯಲ್ಲಿ, ಕೈಯಲ್ಲಿ ಪಾಯಸದ ತುತ್ತು ಹಿಡಿದಿರುವಾಗಲೇ ಆಚಾರ್ರು ನಿದ್ದೆ ಹೋದರು. ತೂಕಡಿಕೆಯಲ್ಲ, ಗೊರಕೆ. ಗೊರಕೆ ನಡುವೆ ನಿಂತುಹೋಗಿ, ಮುಖ ನೀಲಿಯಾಗಿ, ಮತ್ತೆ ಗಕ್ಕನೆ ಉಸಿರು ಬರುವುದು. ಪಕ್ಕದಲ್ಲಿ ದೇವತೆಗಳ ಸ್ಥಾನದ ಮಣೆಯ ಮೇಲೆ ಕೂತಿದ್ದ ಇನ್ನೊಬ್ಬ ಬ್ರಾಹ್ಮಣರು ನಂದಕಿಶೋರನ ಮುಖ ನೋಡಿದರು, ಅವನು ಪುರೋಹಿತರ ಮುಖ ನೋಡಿದ.

"ಎಬ್ಬಿಸಬ್ಯಾಡ್ರಿ," ಎಂದರು ಅಂಬುಜಾಬಾಯಿ ಬಾಗಿಲಿನಿಂದ. "ಅವರೂ ಹಿಂಗೇ. ಎಲಿ ಮುಂದನ ಕಣ್ಣು ಮುಚ್ಚತಿದ್ರು."

ಆಕೆಗೆ ಅಂದು ಆದಷ್ಟು ಸಂತೋಷ ಎಂದೂ ಆಗಿರಲಿಲ್ಲ. ಆಚಾರ್ರು ತಾವೇ ಎಚ್ಚರಾಗಿ, ನಾಚಿ, ಪಾಯಸ ಮುಗಿಸಿದರು. ಮಣೆಯಿಂದ ಅವರನ್ನು ಎಬ್ಬಿಸಲು ಇಬ್ಬರು ಬೇಕಾದರು.

ಸುದ್ದಿ ಸೇಡಂಗೆ ಬರಲು ತಡವಾಗಲಿಲ್ಲ. ಆಚಾರ್ರ ಒಬ್ಬಳೇ ಮಗಳು ವೃಂದಾ ಸಿಮೆಂಟ್ ಫ್ಯಾಕ್ಟರಿಯೊಂದರ ಆಫೀಸಿನಲ್ಲಿದ್ದಳು. ಅಲ್ಲಿ ಯಾರೋ ನಕ್ಕು ಹೇಳಿದ್ದನ್ನು ಕೇಳಿಕೊಂಡು ಬಂದು, ಅಪ್ಪನೊಡನೆ ಒಂದು ಮಾತೂ ಆಡದೆ, ಮರುದಿನ ಕಲಬುರ್ಗಿಯ ಡಾಕ್ಟರರ ಮುಂದೆ ಕೂಡಿಸಿದಳು. ಡಾಕ್ಟರರು ಸುತ್ತಿ ಬಳಸಿ ಹೇಳುವ ಪೈಕಿಯಲ್ಲ.

"ನಿದ್ದ್ಯಾಗ ಉಸಿರು ನಿಲ್ಲಲಿಕತ್ತದ ಆಚಾರ್ರ. ಈಗ ನಿಂತು ಮತ್ತ ಬರ್ಲಿಕತ್ತದ. ಒಂದ್ ದಿನ ಬರಂಗಿಲ್ಲ. ಊಟ ಕಡಿಮಿ ಮಾಡ್ರಿ."

"ನನ್ನ ಊಟ ಇದ್ರ ಕಡಿಮಿ ಮಾಡ್ತಿದ್ದೆ ಸಾಹೇಬ್ರ," ಎಂದರು ಆಚಾರ್ರು. "ಅದು ಮಂದಿ ಊಟ."

ಡಾಕ್ಟರರಿಗೆ ಅರ್ಥವಾಗಲಿಲ್ಲ. ವೃಂದಾ ತಲೆ ತಗ್ಗಿಸಿದಳು. ಹೊಟ್ಟೆಯ ಬಾಯಿಗೆ ಪಟ್ಟಿ ಹಾಕಿ ಊಟ ಇಳಿಸುವ ಆಪರೇಷನ್ ಹೈದರಾಬಾದದಲ್ಲಿ ಮಾಡುತ್ತಾರೆಂದು ಡಾಕ್ಟರರು ಚೀಟಿ ಬರೆದರು. ಖರ್ಚನ್ನು ಮಗಳ ಕಂಪನಿ ನೋಡಿಕೊಳ್ಳುವುದೆಂದು ಗೊತ್ತಾದ ಮೇಲೆ ಆಚಾರ್ರಿಗೆ ತಪ್ಪಿಸಿಕೊಳ್ಳಲು ನೆಪ ಉಳಿಯಲಿಲ್ಲ. ಬೆಳಗಿನ ಗಾಡಿ ಹಿಡಿದು, ತಾಂಡೂರು, ವಿಕಾರಾಬಾದ ದಾಟಿ, ಗಂಡ ಹೆಂಡತಿ ಮಗಳು ಮೂವರೂ ಹೋದರು.

ಆ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮೊದಲು ರೋಗಿಗಳಿಗೆ ಎಲ್ಲವನ್ನೂ ಬಿಡಿಸಿ ಹೇಳುವ ಕೆಲಸ ಖುರ್ಷಿದಬೇಗಂ ಎಂಬ ಹಿರಿಯ ನರ್ಸಿನದು. ಆಚಾರ್ರ ಪುಣ್ಯಕ್ಕೆ ಆಕೆ ಚಿತ್ತಾಪುರದವಳು. ಹೈದರಾಬಾದಿನ ನೀರು ಕುಡಿದು ಎಷ್ಟೋ ವರುಷವಾಗಿದ್ದರೂ ಊರ ಮಾತು ಬಿಟ್ಟಿರಲಿಲ್ಲ. ಮೇಜಿನ ಮೇಲೆ ಮೂರು ಪಟ್ಟಿ ಇಟ್ಟು, ಮುಟ್ಟಿ ನೋಡ್ರಿ ಎಂದಳು. ಬಿಳಿಯ ಬಳೆಗಳ ಹಾಗಿದ್ದವು. ಎರಡಕ್ಕೆ ಸಣ್ಣ ನಳಿಕೆ, ನಳಿಕೆಯ ತುದಿಗೆ ಗುಂಡಿ.

ಆಚಾರ್ರು ಮುಟ್ಟುವ ಮೊದಲೇ ಕೇಳಿದರು, "ಚರ್ಮದ್ದೇನ್ರಿ?"

"ಚರ್ಮದ್ದಲ್ಲರಿ, ಫಿಕರ್ ಮಾಡಬ್ಯಾಡ್ರಿ. ರಬ್ಬರ್ ಇದ್ದಂಗ ಒಂದು ಜಾತಿ," ಎಂದು ಆಕೆ ಮೊದಲಿನದನ್ನು ಎತ್ತಿದಳು. "ಇದು ಹಳೇ ನಮೂನಿ. ಒಮ್ಮಿ ಹಾಕಿದ್ರ ಹಾಕಿದಷ್ಟ. ಬಿಗಿ ಆಗಂಗಿಲ್ಲ, ಸಡಿಲ ಆಗಂಗಿಲ್ಲ. ಈಗ ಭಾಳ ಕಡಿಮಿ ಹಾಕ್ತಾರ."

ಆಚಾರ್ರು ಅದನ್ನು ಬೆರಳಿನಿಂದ ಆಚೆ ಸರಿಸಿದರು.

"ಇದು ಸಪೂರದ್ದು. ಇದರ ಒಳಗ ಚೀಲ ಅದ. ಹೊಟ್ಟಿ ತೊಗಲಿನ ಕೆಳಗ ಈ ಗುಂಡಿ ಇಟ್ಟಿರ್ತಾರ. ಅದಕ್ಕ ಸೂಜಿ ಚುಚ್ಚಿ ಉಪ್ಪುನೀರು ಹಾಕಿದ್ರ ಬಿಗಿ, ತಗದ್ರ ಸಡಿಲ. ನೀರು ಹಿಡಿಯೂದು ಕಡಿಮಿ, ಆದ್ರ ಬರಾಬರ್ ಗಟ್ಟಿ ನಿಂದರ್ತದ. ನಿಮ್ಮ ಮೈಯಿಗೆ ಡಾಕ್ಟರ್ ಸಾಬ್ ಇದನ್ನ ಹೇಳ್ಯಾರ. ಇನ್ನ ಇದು ಅಗಲಂದು. ಮೆತ್ತಗ ಅದ. ನೀರು ಜಾಸ್ತಿ ಹಿಡೀತದ, ಜಾಸ್ತಿ ಬಿಗೀಬಹುದು, ಜಾಸ್ತಿ ಬಿಡಬಹುದು. ಎರಡೂ ಖರೇನ ಒಳ್ಳೇವು. ಮಾಡಿಸಿಕೊಳ್ಳೋರು ನೀವು, ವಿಚಾರ ಮಾಡ್ರಿ."

ಜಾಸ್ತಿ ಬಿಡಬಹುದು ಎಂಬ ಮಾತಿಗೆ ಆಚಾರ್ರ ಕಿವಿ ನೆಟ್ಟಗಾಯಿತು. ಮಗಳು ರಕ್ತಪರೀಕ್ಷೆಯ ಕಾಗದ ತರಲು ಹೊರಗೆ ಹೋಗುವವರೆಗೆ ಕಾದು, ಕುರ್ಚಿ ಮುಂದಕ್ಕೆಳೆದರು.

"ಬೇಗಂ ಅವ್ರ, ಇದನ್ನ ಹದಿನೈದು ದಿನದ ಮಟ್ಟಿಗೆ ಸಡಿಲ ಮಾಡಿಸಿ, ಮತ್ತ ಬಿಗಿ ಮಾಡಿಸಲಿಕ್ಕೆ ಬರ್ತದೇನ್ರಿ? ವರ್ಷಕ್ಕೊಮ್ಮಿ?"

ಖುರ್ಷಿದಬೇಗಂ ಇಂಥ ಪ್ರಶ್ನೆಗಳನ್ನು ಬಹಳ ಕೇಳಿದ್ದಳು. ಮಗಳ ಮದುವೆ ಇದೆ ಎನ್ನುವವರು, ರಂಜಾನಿನಲ್ಲಿ ಇಫ್ತಾರಿಗೆ ತೊಂದರೆ ಎನ್ನುವವರು. ಆದರೆ ಸತ್ತವರಿಗಾಗಿ ಸಡಿಲಿಸಬೇಕೆಂದು ಕೇಳಿದವರು ಇವರೊಬ್ಬರೇ. ವಿಷಯ ತಿಳಿದು ಆಕೆ ನಗಲಿಲ್ಲ. ಅಗಲದ ಪಟ್ಟಿಯನ್ನು ಕೈಗೆತ್ತಿಕೊಂಡು ಹೇಳಿದಳು.

"ಸಡಿಲ ಮಾಡಬಹುದು ಆಚಾರ್ರ. ಆದ್ರ ಪಟ್ಟಿ ಸಡಿಲ ಆದ್ರೂ ಹೊಟ್ಟಿ ಮೊದಲಿನ ಹೊಟ್ಟಿ ಆಗಂಗಿಲ್ಲ. ಅದು ಬ್ಯಾರೇನ ಆಗಿರ್ತದ."

ಆಚಾರ್ರು ಮೊದಲ ಮಾತನ್ನು ಕೇಳಿಸಿಕೊಂಡರು. ಎರಡನೆಯದು ಗಾಳಿಗೆ ಹೋಯಿತು.

ಊರಿಗೆ ಬಂದ ಮೇಲೆ ವಿಚಾರ ಶುರುವಾಯಿತು. ಮಳಖೇಡಕ್ಕೆ ಹೋಗಿ ಟೀಕಾಚಾರ್ಯರ ಬೃಂದಾವನಕ್ಕೆ ನಮಸ್ಕಾರ ಹಾಕಿ, ಅಲ್ಲಿದ್ದ ಹಿರಿಯರೊಬ್ಬರನ್ನು ಹೊಟ್ಟೆಯೊಳಗೆ ಇಂಥದ್ದೊಂದು ಇದ್ದರೆ ಮಡಿಗೆ ಅಡ್ಡಿಯೇ ಎಂದು ಕೇಳಿದರು. ಹಲ್ಲು ಕಟ್ಟಿಸಿಕೊಂಡವರು ಸಂಧ್ಯಾವಂದನೆ ಬಿಟ್ಟಿದ್ದಾರೇನು ಎಂದು ಆ ಹಿರಿಯರು ತಮ್ಮ ಕಟ್ಟಿಸಿದ ಹಲ್ಲು ತೋರಿಸಿದರು. ಶಾಸ್ತ್ರದ ತೊಡಕು ಅಲ್ಲಿಗೆ ಕಳೆಯಿತು. ಉಳಿದದ್ದು ಹೊಟ್ಟೆಯ ತೊಡಕು. ಸಪೂರದ್ದೋ ಅಗಲದ್ದೋ?

ಶಾರದಾಬಾಯಿ ಅಷ್ಟು ಓದಿದವರಲ್ಲ, ಆದರೆ ಕೈಯಿಂದ ಮಾಡಿ ನೋಡದೆ ಯಾವುದನ್ನೂ ನಂಬುವವರಲ್ಲ. ಶ್ರೀಖಂಡಕ್ಕೆ ಮೊಸರು ಕಟ್ಟುವ ಬಟ್ಟೆಯನ್ನು ಚೀಲದಂತೆ ಹೊಲಿದು, ತಳಕ್ಕೆ ಅಂಗೈಯಗಲ ತೂತು ಬಿಟ್ಟು, ನಡುವಿಗೆ ಗೆಜ್ಜೆವಸ್ತ್ರದ ಹತ್ತಿ ಎಳೆ ಸುತ್ತಿದರು. ಎಳೆ ಒಂದೇ ಸುತ್ತಾದರೆ ಸಪೂರದ ಪಟ್ಟಿ, ಹತ್ತಿ ಹೊಸೆದು ಅಗಲ ಮಾಡಿದರೆ ಅಗಲದ್ದು. ಬಚ್ಚಲಿನ ಗೂಟಕ್ಕೆ ತೂಗುಬಿಟ್ಟು ಮೇಲಿನಿಂದ ಬಡಿಸತೊಡಗಿದರು. ಗಂಡ ಹೆಂಡತಿ ಇಬ್ಬರೂ ಬಚ್ಚಲಲ್ಲಿ ಕೂತು ಬಟ್ಟೆಗೆ ಊಟ ಮಾಡಿಸುವುದನ್ನು ಯಾರಾದರೂ ನೋಡಿದ್ದರೆ ಇಬ್ಬರಿಗೂ ಹುಚ್ಚು ಎನ್ನುತ್ತಿದ್ದರು.

ಸಾರು ಇಳಿಯಿತು. ಪಾಯಸ ನಿಧಾನಕ್ಕೆ ಇಳಿಯಿತು. ಕಲಸಿದ ಅನ್ನ ಸಪೂರದ್ದರಲ್ಲಿ ನಿಂತಿತು, ಅಗಲದ್ದನ್ನು ಸಡಿಲಿಸಿದರೆ ತಳ್ಳಾಡಿ ಇಳಿಯಿತು. ಆಚಾರ್ರು ಮಗುವಿನಂತೆ ಹಿಗ್ಗಿದರು. ಕೊನೆಗೆ ಶಾರದಾಬಾಯಿ ವಡೆ ಮುರಿದು ಹಾಕಿದರು. ಅದು ಎಳೆ ಸುತ್ತಿದಲ್ಲಿ ಸಿಕ್ಕಿಕೊಂಡಿತು. ಅದರ ಮೇಲೆ ಬಿದ್ದ ಅನ್ನವೂ ನಿಂತಿತು, ಸಾರೂ ನಿಂತಿತು. ಚೀಲದ ಮೇಲ್ಭಾಗ ಉಬ್ಬಿಕೊಂಡು ತೂಗಾಡಿತು.

"ವಡಿ ಹೋಗಂಗಿಲ್ಲರಿ," ಎಂದರು ಶಾರದಾಬಾಯಿ.

"ಸಣ್ಣಗ ಅಗದ್ರ ಹೋಗ್ತದ."

"ಬಟ್ಟಿಗೆ ಹಲ್ಲಿಲ್ಲ, ನಿಮಗ ಅವ, ಖರೆ. ಆದ್ರ ನೀವು ಎಂದು ಅಗದೀರಿ? ನುಂಗಿದ್ದ ನೋಡೀನಿ ನಾ." ಆಕೆ ಚೀಲ ಬಿಚ್ಚಿ ತೊಳೆಯತೊಡಗಿದರು. "ಶಹಾಬಾದಿಗೆ ಇನ್ನ ಬರಂಗಿಲ್ಲ ಅಂತ ಹೇಳಿಬಿಡ್ರಿ. ಎಷ್ಟಂತ ಮಂದಿ ಸಲುವಾಗಿ ಉಣ್ತೀರಿ?"

"ಅಕಿ ದಾರಿ ನೋಡ್ತಾಳ ಶಾರದಾ," ಎಂದರು ಆಚಾರ್ರು. "ಉಳಿದ ಮನಿ ಎಲ್ಲಾ ಬಿಡ್ತೀನಿ. ಅದೊಂದು ಬಿಡಲಿಕ್ಕೆ ಆಗಂಗಿಲ್ಲ."

ಶಾರದಾಬಾಯಿ ಬಟ್ಟೆ ಹಿಂಡಿ ಗೂಟಕ್ಕೆ ಹಾಕಿದರು. ಗಂಡ ಬದುಕಬೇಕೆಂಬುದಷ್ಟೇ ಆಕೆಗೆ ಬೇಕಾಗಿದ್ದದ್ದು. ಯಾವ ಪಟ್ಟಿಯಾದರೂ ಸರಿ, ಆಪರೇಷನ್ ಮೇಜಿನ ಮೇಲೆ ಮಲಗಿದರೆ ಸಾಕೆಂದು ವಡೆಯ ಮಾತನ್ನು ಮತ್ತೆ ತೆಗೆಯಲಿಲ್ಲ.

ಹೈದರಾಬಾದದ ಡಾಕ್ಟರರು ಸಪೂರದ್ದೇ ಮೇಲೆಂದು ಮತ್ತೊಮ್ಮೆ ಹೇಳಿದರು. ಆಚಾರ್ರು ಅಗಲದ್ದೇ ಬೇಕೆಂದು ಹಟ ಹಿಡಿದರು. ಕಾರಣ ಕೇಳಿದ್ದಕ್ಕೆ ಮೆತ್ತಗಿದೆ ಎಂದರು. ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ, ರೋಗಿಯ ಮನಸ್ಸಿಗೆ ಸಮಾಧಾನವಾಗಲಿ ಎಂದು ಡಾಕ್ಟರರು ಒಪ್ಪಿದರು. ದೀಪಾವಳಿ ಕಳೆದ ಮೇಲೆ ಆಪರೇಷನ್ ಆಯಿತು.

ಪಟ್ಟಿ ತನ್ನ ಕೆಲಸವನ್ನು ಮಾಡಿತು. ಇದನ್ನು ಒಪ್ಪಿಕೊಳ್ಳಲೇಬೇಕು. ಸಂಕ್ರಾಂತಿಯ ಹೊತ್ತಿಗೆ ಅಂಗಿ ದೊಡ್ಡದಾಯಿತು, ಯುಗಾದಿಗೆ ಕುತ್ತಿಗೆ ಕಂಡಿತು. ಬೇಸಿಗೆಯಲ್ಲಿ ವಾಡಿಯ ಮೇಲ್ಸೇತುವೆಯನ್ನು ನಿಲ್ಲದೆ ಹತ್ತಿದರು. ಸಕ್ಕರೆಯ ಗುಳಿಗೆ ಅರ್ಧವಾದವು. ರಾತ್ರಿ ಗೊರಕೆ ನಿಂತು, ಮೊದಲ ಕೆಲವು ದಿನ ಶಾರದಾಬಾಯಿಗೇ ನಿದ್ದೆ ಬರಲಿಲ್ಲ. ವೃಂದಾ ಅಪ್ಪನಿಗೆ ಹೊಸ ಧೋತರ ತಂದಳು.

ಆದರೆ ಶ್ರಾದ್ಧದ ಕರೆ ಬಂದಾಗಲೆಲ್ಲ ಆಚಾರ್ರು ಇಲ್ಲ ಎನ್ನಬೇಕಾಯಿತು. ನಾಲ್ಕು ತುತ್ತಿಗೆ ಎದೆ ಬಿಗಿದು ಬರುವವನು ಯಾರ ಅಪ್ಪನನ್ನು ತೃಪ್ತಿಪಡಿಸಿಯಾನು? ಕೆಲವರು ಕಲಬುರ್ಗಿಯಿಂದ ಬ್ರಾಹ್ಮಣರನ್ನು ಕರೆಸಿದರು. ಕೆಲವರು ದರ್ಭೆಯ ಕಟ್ಟನ್ನೇ ಮಣೆಯ ಮೇಲಿಟ್ಟು ಮುಗಿಸಿದರು. ಆಚಾರ್ರಿಲ್ಲದೆ ಯಾರ ಪಿತೃಗಳೂ ಉಪವಾಸ ಬೀಳಲಿಲ್ಲ. ಇಷ್ಟು ವರುಷ ಕಾಲಿಗೆ ಬಿದ್ದವರು ಈಗ ಬಜಾರದಲ್ಲಿ ಸಿಕ್ಕರೆ, ತೆಳ್ಳಗಾಗಿರಿ ಆಚಾರ್ರ, ಛಲೋ ಆತು ಎಂದು ಮುಂದೆ ಹೋಗುತ್ತಿದ್ದರು. ಮನೆಯಲ್ಲಿ ಕೂತು ಕೂತು ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಮನಸ್ಸೆಲ್ಲ ಬರಲಿರುವ ಪಕ್ಷಮಾಸದ ದಶಮಿಯ ಮೇಲೇ ನಿಂತಿತ್ತು.

ಅಂಬುಜಾಬಾಯಿಯ ಕರೆ ಬಂತು. ನಂದಕಿಶೋರ ಫೋನಿನಲ್ಲಿ, "ಅವ್ವ ಬ್ಯಾರೆ ಯಾರನೂ ಒಲ್ಲೆ ಅಂತಾಳ್ರಿ. ನೀವ ಬರಬೇಕಂತ," ಎಂದ. ಬರ್ತೀನಿ ಎಂದರು ಆಚಾರ್ರು.

ದಶಮಿಯ ಹಿಂದಿನ ದಿನ ಮಗಳಿಗೆ ಹೇಳದೆ ಹೆಂಡತಿಯನ್ನು ಕರೆದುಕೊಂಡು ಹೈದರಾಬಾದಕ್ಕೆ ಹೋದರು. ಗುಟುಕು ನೀರೂ ಇಳಿಯುತ್ತಿಲ್ಲವೆಂದು ಡಾಕ್ಟರರಿಗೆ ಸುಳ್ಳು ಹೇಳಿದರು. ಶಾರದಾಬಾಯಿ ಗೋಡೆ ನೋಡುತ್ತ ಕೂತರು. ಡಾಕ್ಟರರು ಗುಂಡಿಗೆ ಸೂಜಿ ಚುಚ್ಚಿ ನೀರು ತೆಗೆದರು. ಹೊರಗೆ ಬಂದಾಗ ಖುರ್ಷಿದಬೇಗಂ ಅವರನ್ನು ತಡೆದಳು. ಆಕೆಗೆ ಪಂಚಾಂಗ ಗೊತ್ತಿಲ್ಲದಿದ್ದರೂ ಆಚಾರ್ರ ಮುಖ ನೋಡಿಯೇ ಗೊತ್ತಾಗಿತ್ತು.

"ಆಚಾರ್ರ, ಎರಡು ದಿನ ಬರೇ ನೀರು, ಗಂಜಿ. ಒಳಗ ಬಾವು ಇರ್ತದ. ಗಟ್ಟಿದ್ದು ಮುಟ್ಟಬ್ಯಾಡ್ರಿ. ನಿಮ್ಮ ಕೈ ಮುಗೀತೀನಿ."

"ಆತ್ರಿ ಬೇಗಂ ಅವ್ರ," ಎಂದರು ಆಚಾರ್ರು. ಆ ದಿನದ ಎರಡನೆಯ ಸುಳ್ಳು ಅದು.

ಶಹಾಬಾದದ ಮನೆಯಲ್ಲಿ ಅವರನ್ನು ಕಂಡು ಅಂಬುಜಾಬಾಯಿ ಒಂದು ಗಳಿಗೆ ತಬ್ಬಿಬ್ಬಾದರು. ಮಣೆಯ ಮೇಲೆ ಸರಾಗವಾಗಿ ಚಕ್ಕಳಮಕ್ಕಳ ಹಾಕಿ ಕೂತ ಈ ತೆಳ್ಳನೆಯ ಮನುಷ್ಯನಲ್ಲಿ ಹಳಬರನ್ನು ಹುಡುಕುತ್ತ ಬಾಗಿಲಲ್ಲಿ ನಿಂತರು. ಸಂಕಲ್ಪವಾಯಿತು, ಬಡಿಸಿದರು. ಆಚಾರ್ರು ಮೊದಲ ತುತ್ತಿಟ್ಟರು. ಇಳಿಯಿತು. ತೊವ್ವೆ ಅನ್ನ, ಅದೂ ಇಳಿಯಿತು. ಬಾಳೆಕಾಯಿ ಪಲ್ಯ ಸಣ್ಣಗೆ ಅಗಿದರು, ಅಗಿದು ಅಗಿದು ನುಂಗಿದರು, ಇಳಿಯಿತು. ಎಷ್ಟೋ ತಿಂಗಳ ಮೇಲೆ ಬಾಯಿ ತುಂಬ ಉಣ್ಣುತ್ತಿದ್ದರು. ಅವರ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಬಾಗಿಲಲ್ಲಿದ್ದ ಅಂಬುಜಾಬಾಯಿಯ ಕಣ್ಣಲ್ಲೂ ಬಂತು.

"ವಡಿ ಹಾಕಪ್ಪ," ಎಂದರು ಆಕೆ ಮಗನಿಗೆ.

ವಡೆಯ ಚೂರನ್ನು ಬಾಯಲ್ಲಿ ಹಿಟ್ಟು ಮಾಡಿ ನುಂಗಿದರು. ಎದೆಯ ನಡುವೆ ಏನೋ ತಡೆಯಿತು. ನೀರು ಕುಡಿದರು, ನೀರೂ ಅದರ ಮೇಲೆ ನಿಂತಿತು. ಕೈ ನಿಲ್ಲಿಸಿದರು. ಮಾತಾಡುವಂತಿಲ್ಲ, ಏಳುವಂತಿಲ್ಲ. ಹಣೆಯಲ್ಲಿ ಬೆವರೊಡೆಯಿತು. ಬಾಗಿಲಲ್ಲಿದ್ದಾಕೆ ಆ ನಿಂತ ಕೈಯನ್ನೇ ನೋಡುತ್ತಿದ್ದರು. ಆ ಮುಖದಲ್ಲಿ ಹಳೆಯ ಗಂಟು ಮತ್ತೆ ಬೀಳುವುದನ್ನು ಆಚಾರ್ರು ಕಂಡರು. ಕಂಡು, ಸುಮ್ಮನಿರಲಾರದೆ, ಇನ್ನೊಂದು ವಡೆಗೆ ಕೈ ನೀಡಿದರು.

ಅದೂ ಗಂಟಲಿಳಿಯುವ ಮೊದಲೇ ಎಲ್ಲವೂ ಹೊರಗೆ ಬಂತು. ಎಲೆಯ ಮೇಲೆ, ದರ್ಭೆಯ ಮೇಲೆ, ಹೊಸ ಧೋತರದ ಮೇಲೆ.

ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಪುರೋಹಿತರು ಪುಸ್ತಕ ಮುಚ್ಚಿ, ಶ್ರಾದ್ಧ ಕೆಟ್ಟಿತು, ಇಂದು ಉಪವಾಸವಿದ್ದು ನಾಳೆ ಮತ್ತೆ ಮೊದಲಿನಿಂದ ಮಾಡಬೇಕು ಎಂದರು. ನಂದಕಿಶೋರ ಆಚಾರ್ರ ಬೆನ್ನು ಸವರಿ ನೀರು ಕೊಟ್ಟ. ಅಂಬುಜಾಬಾಯಿ ಬಾಗಿಲಲ್ಲಿರಲಿಲ್ಲ. ಒಳಗೆ ಗೋಡೆಗೆ ತಲೆ ಆನಿಸಿ ಕೂತಿದ್ದರು. ಮರುದಿನ ಪಿತೃಸ್ಥಾನಕ್ಕೆ ಬ್ರಾಹ್ಮಣರು ಸಿಗದೆ ಮಣೆಯ ಮೇಲೆ ದರ್ಭೆ ಇಟ್ಟು ಶ್ರಾದ್ಧ ಮುಗಿಸಿದರು. ಅಂದು ಆ ಮನೆಯಲ್ಲಿ ವಡೆ ಮಾಡಲಿಲ್ಲ.

ಪಕ್ಷಮಾಸ ಕಳೆದ ಮೇಲೆ ಒಂದು ಮಧ್ಯಾಹ್ನ ಅಂಬುಜಾಬಾಯಿ ಮಗನೊಡನೆ ಸೇಡಂಗೆ ಬಂದರು. ಶಾರದಾಬಾಯಿ ಚಾಪೆ ಹಾಕಿ, ಕುಂದ್ರಿ ಎಂದು ನೀರು ತಂದಿಟ್ಟರು. ಆಕೆ ಮುಟ್ಟಲಿಲ್ಲ. ಕೆಲವೇ ದಿನಗಳಲ್ಲಿ ಆಕೆ ಎಷ್ಟೋ ವರುಷ ಮುದುಕಿಯಾಗಿದ್ದರು.

"ಆಚಾರ್ರ, ಒಂದು ಮಾತು ಕೇಳ್ಲಿಕ್ಕೆ ಬಂದೀನಿ. ಅವರಿಗಿನ್ನೂ ನನ್ನ ಮ್ಯಾಲ ಸಿಟ್ಟು ಅದ ಅಲ್ಲೇನ್ರಿ? ನಾ ಕೊಟ್ಟ ವಡಿ ಉಗುಳಿಬಿಟ್ರು. ಇಷ್ಟ್ ವರ್ಷ ಉಂಡು ಈಗ್ಯಾಕ ಉಗುಳಿದ್ರು? ನಿಮ್ಮೊಳಗ ಬಂದಿದ್ರಲ್ಲ, ನಿಮಗೇನರ ತಿಳೀತೇನು?"

ಈ ಹೆಂಗಸು ಈ ಭಾರ ಹೊತ್ತುಕೊಂಡು ಊಟ ಬಿಟ್ಟಿದ್ದಾಳೆಂದು ನೋಡಿದರೆ ತಿಳಿಯುತ್ತಿತ್ತು. ಸುಳ್ಳು ಹೇಳಿ ಸಾಕಾಗಿತ್ತು ಅವರಿಗೆ. ಎಲ್ಲವನ್ನೂ ಹೇಳಿಬಿಟ್ಟರು. ಹೊಟ್ಟೆಯ ಬಾಯಿಗಿರುವ ಪಟ್ಟಿ, ಆಕೆಯ ಮನೆಯ ಊಟಕ್ಕಾಗಿ ಆರಿಸಿದ ಅಗಲದ ಪಟ್ಟಿ, ಹೈದರಾಬಾದದ ಸೂಜಿ, ಖುರ್ಷಿದಬೇಗಂ ಕೈಮುಗಿದದ್ದು. ಅಂಗಿ ಎತ್ತಿ ತೊಗಲಿನ ಕೆಳಗಿನ ಗುಂಡಿಯನ್ನೂ ತೋರಿಸಿದರು.

"ರಾಯರದೇನೂ ಇಲ್ಲರಿ ಇದ್ರಾಗ. ಅವರು ಸಿಟ್ಟಾಗಿಲ್ಲ. ಉಗುಳಿದ್ದು ನನ್ನ ಹೊಟ್ಟಿ. ಬರೇ ನನ್ನ ಹೊಟ್ಟಿ."

ಹೇಳಿ ಮುಗಿಸಿದಾಗ ಅವರಿಗೆ ಹಗುರೆನಿಸಿತು. ಅಂಬುಜಾಬಾಯಿ ಆ ಗುಂಡಿಯನ್ನು ಬಹಳ ಹೊತ್ತು ನೋಡಿದರು. ಆಕೆಯ ದನಿಯಲ್ಲಿ ಕೋಪವಿರಲಿಲ್ಲ, ತಿಳಿದುಕೊಳ್ಳಬೇಕೆಂಬ ಆಸೆಯಷ್ಟೇ ಇತ್ತು.

"ಹಂಗಾದ್ರ ಇಷ್ಟ್ ವರ್ಷ ಉಂಡಿದ್ದೂ ನಿಮ್ಮ ಹೊಟ್ಟಿನ ಏನ್ರಿ?"

ನಂದಕಿಶೋರ ಅವ್ವನ ತೋಳು ಹಿಡಿದ. ಶಾರದಾಬಾಯಿ ಗಂಡನ ಮುಖ ನೋಡಿದರು, ಅಲ್ಲ ಎಂದುಬಿಡಲಿ ಎಂದು ಆಕೆಯ ಜೀವ ಹಾತೊರೆಯಿತು. ಆಚಾರ್ರು ಬಾಯಿ ತೆರೆದರು. ಆಗ ಬಂದಿದ್ದವರು ರಾಯರೇ, ಈ ಸಲ ಮಾತ್ರ ನಾನು ಎಂದು ಹೇಳಬೇಕೆಂದಿದ್ದರು. ಆದರೆ ಆಗಿನ ವಡೆ ಅವರಿಗೆ ನೆನಪಿತ್ತು. ಅದರ ರುಚಿ ಗೊತ್ತಾದದ್ದು ಅವರ ನಾಲಿಗೆಗೆ. ಬಿರಿದದ್ದು ಅವರ ಹೊಟ್ಟೆ. ಅಲ್ಲಿ ಮತ್ತೊಬ್ಬರು ಕೂತಿದ್ದ ಸುಳಿವು ಒಂದು ದಿನವೂ ಅವರಿಗೆ ಸಿಕ್ಕಿರಲಿಲ್ಲ.

"ಗೊತ್ತಿಲ್ಲರಿ," ಎಂದರು.

ಅಂಬುಜಾಬಾಯಿ ತಲೆಯಾಡಿಸಿ, ಸೆರಗು ಸರಿಮಾಡಿಕೊಂಡು ಎದ್ದರು. ಸಂಜೆಯ ಗಾಡಿಗೆ ಹೊತ್ತಾಯಿತೆಂದು ಮಗನಿಗೆ ಹೇಳಿದರು.

ಮುಂದೆ ಹೈದರಾಬಾದದ ಡಾಕ್ಟರರು ಪಟ್ಟಿಯನ್ನು ಮತ್ತೆ ಬಿಗಿ ಮಾಡಿದರು. ಆಚಾರ್ರು ಇನ್ನಷ್ಟು ಇಳಿದರು. ಗುಳಿಗೆ ಪೂರ್ತಿ ನಿಂತವು, ಇನ್ನು ನಿಮಗೆ ಭಯವಿಲ್ಲ, ಬಹಳ ವರುಷ ಬದುಕುತ್ತೀರಿ ಎಂದು ಡಾಕ್ಟರರು ಕೈ ಕುಲುಕಿದರು. ಆಚಾರ್ರು ಯಾವ ಮನೆಯ ಮಣೆಯ ಮೇಲೂ ಮತ್ತೆ ಕೂರಲಿಲ್ಲ, ಯಾರೂ ಕರೆಯಲೂ ಇಲ್ಲ. ಮರುವರುಷದ ಪಕ್ಷಮಾಸದಲ್ಲಿ ಸ್ಟೇಷನ್ನಿನಲ್ಲಿ ನಂದಕಿಶೋರ ಎದುರಾದ. ದಶಮಿಗೆ ಯಾರನ್ನು ಕರೆದಿರಿ ಎಂದು ಆಚಾರ್ರು ಕೇಳಿದರು.

"ಮಾಡಲಿಲ್ಲರಿ ಆಚಾರ್ರ. ಅವ್ವ ಬ್ಯಾಡ ಅಂದ್ಲು. ಅಪ್ಪ ಹಸಿದೇ ಇದ್ದಾರ, ಆ ಮಣಿ ಮ್ಯಾಲ ಉಣ್ಣಲಿಕ್ಕೆ ಯಾರೂ ಬರಂಗಿಲ್ಲ ಅಂದ್ಲು."